ಅಪಾರ್ಟ್‌ಮೆಂಟಿನಲ್ಲಿ ನಿಯಮ ಜಾರಿ, ಜಗಳ ಪರಿಹಾರ: ಕಮಿಟಿಯವರಿಗೊಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿ ನೋಡಿ, ಒಂದರ ಮೇಲೊಂದು ನೋಟಿಸು ಅಂಟಿರುತ್ತದೆ. ಬಾಲ್ಕನಿಯಿಂದ ಬಟ್ಟೆ ಇಳಿಬಿಡಬೇಡಿ, ಕಾರಿಡಾರಿನಲ್ಲಿ ಚಪ್ಪಲಿ ಸ್ಟ್ಯಾಂಡ್ ಇಡಬೇಡಿ, ವಿಸಿಟರ್ ಪಾರ್ಕಿಂಗ್‌ನಲ್ಲಿ ಸ್ವಂತ ಕಾರು ನಿಲ್ಲಿಸಿದರೆ 500 ರೂಪಾಯಿ ದಂಡ. ಅರ್ಧಕ್ಕರ್ಧ ನೋಟಿಸಿಗೆ ಸಹಿಯೂ ಇಲ್ಲ, ತಾರೀಖೂ ಇಲ್ಲ. ದಂಡ ಕಟ್ಟಿದವರಂತೂ ಇಲ್ಲವೇ ಇಲ್ಲ.

ಹೊಸದಾಗಿ ಕಮಿಟಿಗೆ ಬಂದವರು ಕೇಳುವುದು ಒಂದೇ ಪ್ರಶ್ನೆ: "ಈ ಜನರನ್ನ ದಾರಿಗೆ ತರೋದು ಹೇಗೆ ಸಾರ್?" ಅದಕ್ಕೂ ಮೊದಲು ತಮ್ಮನ್ನೇ ಕೇಳಿಕೊಳ್ಳಬೇಕಾದದ್ದು ಬೇರೆಯಿದೆ. ಇದನ್ನು ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು? ಬೈಲಾದಿಂದಲೋ (ಸಂಘದ ಒಳನಿಯಮಾವಳಿ), ಜನರಲ್ ಬಾಡಿ ಎನ್ನುವ ಸರ್ವಸದಸ್ಯರ ಸಭೆಯ ನಿರ್ಣಯದಿಂದಲೋ, ಸರ್ಕಾರದ ಕಾನೂನಿನಿಂದಲೋ, ಅಥವಾ ಕಳೆದ ಭಾನುವಾರ ನಾಲ್ವರು ಕಾಫಿ ಕುಡಿಯುತ್ತ ತೀರ್ಮಾನಿಸಿದ್ದರಿಂದಲೋ? ಕೊನೆಯದಾದರೆ, ಜಗಳಗಂಟ ನಿವಾಸಿಯೊಬ್ಬ ವಕೀಲರಿಂದ ಒಂದು ನೋಟಿಸು ಕೊಡಿಸಿದ ದಿನವೇ ಆ ನಿಯಮ ಬಿದ್ದುಹೋಗುತ್ತದೆ. ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಡೆಯಿರಿ.

ಇಲ್ಲಿ ಹೇಳಿರುವುದೆಲ್ಲ ಕರ್ನಾಟಕದ ಕಾನೂನಿನ ಚೌಕಟ್ಟಿನಲ್ಲಿ. ಪುಣೆ, ಹೈದರಾಬಾದಿನಲ್ಲಿರುವ ಕನ್ನಡಿಗರು ತಮ್ಮ ರಾಜ್ಯದ ಕಾಯ್ದೆ ನೋಡಿಕೊಳ್ಳಬೇಕು.

ಹೆಜ್ಜೆ 1: ಸಂಘದ ಜಾತಕ ತೆಗೆಸಿ

ನಮ್ಮಲ್ಲಿ ಅಪಾರ್ಟ್‌ಮೆಂಟ್ ಸಂಘಗಳು ಮೂರು ಬೇರೆ ಬೇರೆ ಕಾನೂನುಗಳ ಕೆಳಗೆ ಹುಟ್ಟಿಕೊಂಡಿವೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960, ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959. ನಿಮ್ಮದು ಯಾವುದರಲ್ಲಿದೆ ಎನ್ನುವುದರ ಮೇಲೆ ನಿಮ್ಮ ಕೈಯಲ್ಲಿ ಏನೇನು ಅಸ್ತ್ರವಿದೆ ಎನ್ನುವುದು ನಿಂತಿದೆ.

1972ರ ಕಾಯ್ದೆ ತಾನಾಗಿಯೇ ಎಲ್ಲ ಕಟ್ಟಡಕ್ಕೂ ಅನ್ವಯಿಸುವುದಿಲ್ಲ. ಆಸ್ತಿಯನ್ನು ಆ ಕಾಯ್ದೆಗೆ ಒಳಪಡಿಸುತ್ತೇವೆ ಎಂದು ಡೀಡ್ ಆಫ್ ಡಿಕ್ಲರೇಷನ್ ಬರೆದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿರಬೇಕು. ಬೈಲಾ ಆ ಪತ್ರದ ಜೊತೆಗೇ ಲಗತ್ತಾಗಿರುತ್ತದೆ. ಸಾಮಾನ್ಯ ಆಸ್ತಿಯಲ್ಲಿ ಪ್ರತಿ ಫ್ಲ್ಯಾಟಿಗೆ ಸೇರುವ ಅವಿಭಜಿತ ಪಾಲು ಎಷ್ಟು ಶೇಕಡಾ, ಯಾವುದು ಸಾಮಾನ್ಯ ಜಾಗ, ಯಾವುದು ಕೆಲವರಿಗೆ ಮಾತ್ರ ಮೀಸಲಾದ ಸೀಮಿತ ಸಾಮಾನ್ಯ ಜಾಗ, ಎಲ್ಲವೂ ಅದರಲ್ಲೇ ಇರುತ್ತದೆ. ಮುಂದೆ ಬರುವ ಪಾರ್ಕಿಂಗ್ ಜಗಳ, ಟೆರೇಸ್ ಜಗಳ, ಮೇಂಟೆನೆನ್ಸ್ ಜಗಳಗಳಿಗೆಲ್ಲ ಮೊದಲು ತೆರೆಯಬೇಕಾದ ಕಾಗದ ಅದು. ಆಶ್ಚರ್ಯವೆಂದರೆ ಎಷ್ಟೋ ಕಮಿಟಿಗಳ ಬಳಿ ಅದರ ಪ್ರತಿಯೇ ಇಲ್ಲ. "ಬಿಲ್ಡರ್ ಹತ್ರ ಇರ್ಬೇಕು" ಎನ್ನುತ್ತಾರೆ. ಬಿಲ್ಡರ್ ಹಿಂದೆ ಅಲೆಯಬೇಕಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಶುಲ್ಕ ಕಟ್ಟಿ ದೃಢೀಕೃತ ಪ್ರತಿ ತೆಗೆಸಿ.

1960ರ ಕಾಯ್ದೆಯಡಿ ಸೊಸೈಟಿಯಾಗಿ ನೋಂದಾಯಿಸಿದ ಸಂಘಗಳು ಬೆಂಗಳೂರಿನಲ್ಲಿ ಬಹಳ ಇವೆ. ಆ ಕಾಯ್ದೆ ಕಲೆ, ವಿದ್ಯೆ, ಧರ್ಮಾರ್ಥದಂಥ ಉದ್ದೇಶಗಳಿಗಾಗಿ ಬಂದದ್ದು. ಫ್ಲ್ಯಾಟ್ ಆಸ್ತಿಯ ನಿರ್ವಹಣೆಗೆ ಅದು ಸರಿಯಾದ ದಾರಿಯಲ್ಲ ಎಂದು ಹೈಕೋರ್ಟ್ ಒಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಹೇಳಿದೆ. ನಿಮ್ಮದು ಅಂಥ ಸಂಘವಾದರೆ ದೊಡ್ಡ ಜಗಳಕ್ಕೆ ಇಳಿಯುವ ಮುನ್ನ, ಡೀಡ್ ಆಫ್ ಡಿಕ್ಲರೇಷನ್ ಆಗಿದೆಯೇ, ಆಗದಿದ್ದರೆ ಮಾಡಿಸುವುದು ಹೇಗೆ ಎಂದು ಆಸ್ತಿ ವಕೀಲರೊಬ್ಬರನ್ನು ಕೇಳಿಕೊಳ್ಳಿ. ಬಾಕಿದಾರನ ಮೇಲೆ ದಾವೆ ಹೂಡಿದಾಗ ಎದುರು ವಕೀಲ ಎತ್ತುವ ಮೊದಲ ತಕರಾರೇ "ಈ ಸಂಘಕ್ಕೆ ದಾವೆ ಹೂಡುವ ಹಕ್ಕಿಲ್ಲ" ಎನ್ನುವುದು.

1972ರ ಕಾಯ್ದೆಯನ್ನು ಬದಲಿಸಿ ಹೊಸದು ತರುವ ಮಾತು ಸರ್ಕಾರದ ಮಟ್ಟದಲ್ಲಿ ನಡೆದಿದೆ. ಹಾಗಾಗಿ ಕೋರ್ಟಿನ ಮೆಟ್ಟಿಲು ಹತ್ತುವ ದಿನ ಯಾವ ಕಾಯ್ದೆ ಜಾರಿಯಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಬೇಕು.

ಈಗಿನ ಕಾಯ್ದೆಯ ಎರಡು ಕಲಮುಗಳು ಕಮಿಟಿಯವರಿಗೆ ಬಾಯಿಪಾಠವಾಗಿರಲಿ. ಕಲಂ 7: ಪ್ರತಿ ಮಾಲೀಕ ಬೈಲಾವನ್ನೂ ಅದರಡಿ ಮಾಡಿದ ನಿಯಮಗಳನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು; ತಪ್ಪಿದರೆ ಬಾಕಿ ವಸೂಲಿ, ನಷ್ಟ ಪರಿಹಾರ, ತಡೆಯಾಜ್ಞೆಗಾಗಿ ಸಂಘ ಕೋರ್ಟಿಗೆ ಹೋಗಬಹುದು. ತಕ್ಕ ಸಂದರ್ಭದಲ್ಲಿ ತೊಂದರೆಗೊಳಗಾದ ಮಾಲೀಕನೂ ನೇರವಾಗಿ ಹೋಗಬಹುದು. ಕಲಂ 8: ಕಟ್ಟಡದ ಭದ್ರತೆಗೆ ಧಕ್ಕೆ ತರುವ, ಅದರ ಬೆಲೆ ಕುಗ್ಗಿಸುವ ಕೆಲಸವನ್ನು ಯಾರೂ ಮಾಡುವಂತಿಲ್ಲ, ಹೊಸ ರಚನೆ ಸೇರಿಸಬೇಕಾದರೆ ಉಳಿದೆಲ್ಲ ಮಾಲೀಕರ ಒಪ್ಪಿಗೆ ಮೊದಲೇ ಬೇಕು. ಬಾಲ್ಕನಿಯನ್ನು ರೂಮು ಮಾಡಿಕೊಂಡವರು, ಮೇಲಿನ ಮಹಡಿಯಲ್ಲಿ ಶೀಟು ಹಾಕಿ "ಗಾರ್ಡನ್" ಮಾಡಿಕೊಂಡವರು ಇದರ ಕೆಳಗೆ ಬರುತ್ತಾರೆ. ಕಮಿಟಿಯಿಂದ ಎನ್‌ಒಸಿ (ಆಕ್ಷೇಪಣೆಯಿಲ್ಲ ಎಂಬ ಪತ್ರ) ಸಿಕ್ಕಿದೆ ಎಂಬ ಮಾತ್ರಕ್ಕೆ ಪಾರಾಗಲಾರರು, ಏಕೆಂದರೆ ಕಮಿಟಿಗೇ ಆ ಒಪ್ಪಿಗೆ ಕೊಡುವ ಹಕ್ಕಿಲ್ಲ.

ಹೆಜ್ಜೆ 2: ನಿಯಮಗಳನ್ನು ಮೂರು ಮಟ್ಟದಲ್ಲಿ ಬರೆಯಿರಿ

ಎಲ್ಲವನ್ನೂ ಒಂದೇ ವಾಟ್ಸಾಪ್ ಮೆಸೇಜಿನಲ್ಲಿ ಸುರಿಯಬೇಡಿ. ಹಕ್ಕು, ಹಣ, ದಂಡ, ಬಡ್ಡಿ, ಮತದಾನ ಇವು ಬೈಲಾದಲ್ಲಿರಬೇಕು. ಬೈಲಾ ತಿದ್ದಲು ಅದರಲ್ಲೇ ಹೇಳಿರುವ ಬಹುಮತ ಬೇಕು, ತಿದ್ದುಪಡಿಯನ್ನು ಡೀಡ್ ಆಫ್ ಡಿಕ್ಲರೇಷನ್ನಿಗೆ ಸೇರಿಸಿ ನೋಂದಾಯಿಸಲೂ ಬೇಕು. ಮೇಂಟೆನೆನ್ಸ್ ದರ, ದೊಡ್ಡ ರಿಪೇರಿ, ವಿಸಿಟರ್ ಪಾರ್ಕಿಂಗ್ ನೀತಿಯಂಥವನ್ನು ಜನರಲ್ ಬಾಡಿ ನಿರ್ಣಯಿಸಲಿ. ಜಿಮ್ ಸಮಯ, ಈಜುಕೊಳದ ಬಟ್ಟೆ, ಪಾರ್ಟಿ ಹಾಲಿನ ಬುಕಿಂಗ್, ಡ್ರಿಲ್ಲಿಂಗ್ ಕೆಲಸದ ವೇಳೆ ಇವನ್ನು ಕಮಿಟಿಯೇ ಬರೆದು ನಿವಾಸಿಗಳ ಕೈಪಿಡಿಗೆ ಹಾಕಬಹುದು.

ಬೈಲಾದಲ್ಲಿ ದಂಡದ ಮಾತೇ ಇಲ್ಲದಿದ್ದರೆ ಲಿಫ್ಟಿನಲ್ಲಿ ಎಷ್ಟು ದೊಡ್ಡ ಅಕ್ಷರದಲ್ಲಿ 500 ರೂಪಾಯಿ ಎಂದು ಬರೆದರೂ ವಸೂಲಿ ಮಾಡುವ ದಾರಿಯಿಲ್ಲ. ಮೊದಲು ಬೈಲಾ ತಿದ್ದಿ. ತಿದ್ದುವಾಗ ದಂಡ ಎಷ್ಟು, ಎಷ್ಟನೇ ಸಲಕ್ಕೆ, ಹಾಕುವವರು ಯಾರು, ಮೇಲ್ಮನವಿ ಯಾರಿಗೆ, ಈ ನಾಲ್ಕನ್ನೂ ಬರೆಯಿರಿ. ಮೇಲ್ಮನವಿ ಕೇಳುವವರು ಕಮಿಟಿಯಲ್ಲಿ ಇಲ್ಲದ ಮೂವರು ಹಿರಿಯ ನಿವಾಸಿಗಳಾದರೆ ಒಳ್ಳೆಯದು.

ಹಾಗೆಯೇ ಬರೆಯಲೇಬಾರದ ನಿಯಮಗಳಿವೆ.

"ನಾಯಿ ಸಾಕುವಂತಿಲ್ಲ" ಎಂಬುದು ಮೊದಲನೆಯದು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರುವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಬಹುಮತದಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ, ಲಿಫ್ಟಿಗೆ ಬೇರೆ ಚಾರ್ಜು ಕೇಳುವಂತೆಯೂ ಇಲ್ಲ. ಬೆಲ್ಟ್ ಹಾಕಿ ಕರೆದೊಯ್ಯಿರಿ, ಗಲೀಜು ಮಾಡಿದರೆ ತೆಗೆಯಿರಿ ಎಂದು ಕೇಳಿಕೊಳ್ಳಬಹುದು. ಅದರಲ್ಲೂ ದಂಡಕ್ಕಿಂತ ವಿನಂತಿಯ ಕಡೆಗೇ ಆ ಮಾರ್ಗಸೂಚಿಯ ಒಲವು.

"ಬ್ಯಾಚುಲರ್‌ಗಳಿಗೆ ಮನೆ ಕೊಡಬೇಡಿ" ಎಂಬುದು ಎರಡನೆಯದು. ಬಾಡಿಗೆಗೆ ಕೊಡುವುದು ಮಾಲೀಕನ ಹಕ್ಕು. ಗಲಾಟೆ ಮಾಡುವ ಬಾಡಿಗೆದಾರನ ಮೇಲೆ ಕ್ರಮ ಕೈಗೊಳ್ಳಿ, ಮದುವೆಯಾಗಿಲ್ಲ ಎಂಬ ಕಾರಣಕ್ಕಲ್ಲ. ಮದುವೆಯಾದವರು ಮಾಡುವ ಗಲಾಟೆಯ ದೂರುಗಳೇ ರಿಜಿಸ್ಟರಿನಲ್ಲಿ ಹೆಚ್ಚು ಎನ್ನುವುದು ಕಮಿಟಿಯಲ್ಲಿ ಕೂತವರಿಗೆಲ್ಲ ಗೊತ್ತು. ಬೈಲಾ ಬಾಡಿಗೆದಾರರನ್ನೂ ಕಟ್ಟಿಹಾಕುತ್ತದೆ. ಬಾಡಿಗೆ ಕರಾರಿನ ಜೊತೆ ಕೈಪಿಡಿಯ ಒಂದು ಪ್ರತಿಗೆ ಅವರ ಸಹಿ ಹಾಕಿಸಿ ಇಟ್ಟುಕೊಂಡರೆ ಮುಂದೆ "ನಮಗೆ ಗೊತ್ತೇ ಇರ್ಲಿಲ್ಲ" ಎನ್ನುವ ಮಾತಿರುವುದಿಲ್ಲ.

ಇನ್ನು ಮನೆಕೆಲಸದವರು ಪಾರ್ಕಿನ ಬೆಂಚಿನಲ್ಲಿ ಕೂರಬಾರದು, ಇಂಥ ಲಿಫ್ಟ್ ಮುಟ್ಟಬಾರದು ಎಂಬ ನೋಟಿಸುಗಳು. ಇವುಗಳ ಬಗ್ಗೆ ನಾನು ಕಾನೂನು ಹೇಳಲು ಹೋಗುವುದಿಲ್ಲ. ನಾಳೆ ಅದರ ಫೋಟೊ ಪತ್ರಿಕೆಯಲ್ಲಿ ಬಂದರೆ ಅದರ ಕೆಳಗೆ ನಿಮ್ಮ ಹೆಸರು ಇರಬೇಕೆ ಎಂದು ಯೋಚಿಸಿ, ಸಾಕು.

ಹೆಜ್ಜೆ 3: ದೂರು ಬಂದ ಕೂಡಲೇ ಯಾರ ಜಗಳ ಎಂದು ವಿಂಗಡಿಸಿ

ದೂರು ಬರವಣಿಗೆಯಲ್ಲೇ ಬರಲಿ. ಇಮೇಲ್ ಆಗಲಿ, ಗೇಟಿನ ಆ್ಯಪ್‌ನ ಕಂಪ್ಲೇಂಟ್ ಟಿಕೆಟ್ ಆಗಲಿ, ಸೆಕ್ಯುರಿಟಿ ಟೇಬಲ್ಲಿನ ಪುಸ್ತಕವಾಗಲಿ. ಎಲ್ಲರ ಗ್ರೂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಹಾಕಿದ ಮೆಸೇಜು ದೂರಲ್ಲ ಎಂದು ಮೊದಲೇ ಘೋಷಿಸಿಬಿಡಿ. ಆ ಗ್ರೂಪನ್ನು ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಬದಲಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಬಾಕಿದಾರರ ಹೆಸರು, "ಕಳ್ಳ", "ಫ್ರಾಡ್" ಎಂಬ ಪದಗಳು ಅಲ್ಲಿ ಬಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ ಕಲಂ 356ರ ಮಾನಹಾನಿ ದೂರಿಗೆ ಸಾಮಗ್ರಿಯಾಗುತ್ತದೆ.

ಬಂದ ದೂರನ್ನು ನಾಲ್ಕರಲ್ಲಿ ಒಂದು ಕಡೆ ಹಾಕಿ. ಒಂದು, ಇಬ್ಬರು ನಿವಾಸಿಗಳ ನಡುವಿನದು: ಇಲ್ಲಿ ಕಮಿಟಿ ಮಧ್ಯಸ್ಥ ಮಾತ್ರ, ತೀರ್ಪುಗಾರನಲ್ಲ. ಎರಡು, ನಿವಾಸಿ ಮತ್ತು ಸಂಘದ ನಡುವಿನದು: ಬಾಕಿ, ಪಾರ್ಕಿಂಗ್, ಅಕ್ರಮ ಬದಲಾವಣೆ. ಮೂರು, ಬಿಲ್ಡರ್ ಮೇಲಿನದು. ನಾಲ್ಕು, ಅಪರಾಧ: ಹೊಡೆದಾಟ, ಬೆದರಿಕೆ, ಹೆಂಗಸರಿಗೆ ಮಕ್ಕಳಿಗೆ ಕಿರುಕುಳ, ಕಳವು. ಕೊನೆಯದಕ್ಕೆ ಕಮಿಟಿ ಸಭೆ ಕರೆಯುವುದೇ ತಪ್ಪು. 112ಕ್ಕೆ ಕರೆ ಮಾಡಿ, ಸಿಸಿಟಿವಿ ದೃಶ್ಯ ಉಳಿಸಿ, ಪೊಲೀಸರಿಗೆ ಬಿಡಿ. "ಅಪಾರ್ಟ್‌ಮೆಂಟ್ ಹೆಸರು ಹಾಳಾಗುತ್ತೆ, ಒಳಗೇ ಮುಗಿಸ್ಕೊಳ್ಳೋಣ" ಎನ್ನುವ ಹಿರಿಯರೊಬ್ಬರು ಪ್ರತಿ ಕಮಿಟಿಯಲ್ಲೂ ಇರುತ್ತಾರೆ. ಅವರ ಮಾತು ಕೇಳಬೇಡಿ.

ಸಿಸಿಟಿವಿಯ ಬಗ್ಗೆ ಇನ್ನೊಂದು ಮಾತು. ಹಳೆಯ ದೃಶ್ಯಗಳ ಮೇಲೆ ಹೊಸದು ತಾನಾಗಿ ಬರೆದುಕೊಳ್ಳುತ್ತ ಹೋಗುತ್ತದೆ, ಕೆಲವು ವಾರಗಳಲ್ಲಿ ಹಳೆಯದು ಮಾಯ. ದೂರು ಬಂದ ದಿನವೇ ಬೇಕಾದ ಭಾಗವನ್ನು ಪೆನ್‌ಡ್ರೈವಿಗೆ ಇಳಿಸಿ, ಯಾರು ಯಾವಾಗ ಇಳಿಸಿದರು ಎಂದು ಬರೆದಿಡಿ. ಕೋರ್ಟಿನಲ್ಲಿ ಅದನ್ನು ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರಡಿ ಪ್ರಮಾಣಪತ್ರ ಬೇಕಾಗುತ್ತದೆ. ವಾಟ್ಸಾಪ್ ಪ್ರಿಂಟಿಗೂ ಇದೇ ಮಾತು.

ಹೆಜ್ಜೆ 4: ಮಾತು, ಪತ್ರ, ವಿಚಾರಣೆ, ಆದೇಶ

ಈ ಕ್ರಮವನ್ನು ತಪ್ಪಿಸಬೇಡಿ. ಮೊದಲು ಕಮಿಟಿಯ ಒಬ್ಬರು, ಆದಷ್ಟು ಅದೇ ಮಹಡಿಯವರು ಅಥವಾ ಪರಿಚಯದವರು, ಹೋಗಿ ಮಾತಾಡಲಿ. ಸೆಕ್ಯುರಿಟಿ ಗಾರ್ಡನ್ನು ಕಳಿಸಬೇಡಿ. ಗಾರ್ಡ್ ಬಂದು ಹೇಳಿದ್ದನ್ನು ಮಾಲೀಕ ಅವಮಾನ ಎಂದುಕೊಳ್ಳುತ್ತಾನೆ, ಆ ಸಿಟ್ಟೆಲ್ಲ ಗಾರ್ಡಿನ ಮೇಲೆ ಹೋಗುತ್ತದೆ. ಬಹುಪಾಲು ವಿಷಯ ಇಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ಪತ್ರ. ಪತ್ರದಲ್ಲಿ ಗುಣವಿಶೇಷಣ ಬೇಡ. "ನಿಮ್ಮ ಬೇಜವಾಬ್ದಾರಿ ವರ್ತನೆ" ಎಂದು ಬರೆದ ಪತ್ರ ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ಓದಿಸಿಕೊಳ್ಳುತ್ತದೆ. ಹೀಗೆ ಬರೆಯಿರಿ:

"ವಿಷಯ: ವಿಸಿಟರ್ ಪಾರ್ಕಿಂಗ್ ಜಾಗ 3ರಲ್ಲಿ ನಿಮ್ಮ ವಾಹನದ ನಿಲುಗಡೆ. ಮಾನ್ಯರೇ, ಈ ತಿಂಗಳ 4, 6 ಮತ್ತು 9ನೇ ತಾರೀಖು ರಾತ್ರಿ 10ರಿಂದ ಮರುದಿನ ಬೆಳಿಗ್ಗೆ 7ರವರೆಗೆ ನಿಮ್ಮ ಕಾರು ವಿಸಿಟರ್ ಜಾಗ 3ರಲ್ಲಿ ನಿಂತಿದ್ದು ಗೇಟ್ ರಿಜಿಸ್ಟರಿನಲ್ಲಿ ದಾಖಲಾಗಿದೆ. ಬೈಲಾದ ಇಂಥ ಕಲಂ ಹಾಗೂ ಸರ್ವಸದಸ್ಯರ ಸಭೆಯ ಇಂಥ ದಿನಾಂಕದ ನಿರ್ಣಯದ ಪ್ರಕಾರ ಆ ಜಾಗ ಅತಿಥಿಗಳಿಗೆ ಮೀಸಲು. ಈ ಪತ್ರ ತಲುಪಿದ 7 ದಿನದೊಳಗೆ ನಿಮ್ಮ ವಿವರಣೆ ತಿಳಿಸಿ. ಖುದ್ದಾಗಿ ಹೇಳಲು ಬಯಸಿದರೆ ಭಾನುವಾರ ಬೆಳಿಗ್ಗೆ 11ಕ್ಕೆ ಅಸೋಸಿಯೇಷನ್ ಕಚೇರಿಗೆ ಬನ್ನಿ. ಉತ್ತರ ಬಾರದಿದ್ದಲ್ಲಿ ಇರುವ ದಾಖಲೆಗಳ ಆಧಾರದ ಮೇಲೆ ಕಮಿಟಿ ತೀರ್ಮಾನಿಸುತ್ತದೆ. ಇಂತಿ, ಕಾರ್ಯದರ್ಶಿ."

ಏನಾಯಿತು, ಯಾವ ನಿಯಮ, ಉತ್ತರಕ್ಕೆ ಎಷ್ಟು ದಿನ, ಎಲ್ಲವೂ ಬಂತು. ಮಾಲೀಕ ಹೊರಗಿದ್ದು ಬಾಡಿಗೆದಾರ ಒಳಗಿದ್ದರೆ ಇಬ್ಬರಿಗೂ ಒಂದೊಂದು ಪ್ರತಿ. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್ ಕೂಡ ಇರಲಿ, ರಸೀದಿ ಫೈಲಿಗೆ ಹೋಗಲಿ.

ವಿಚಾರಣೆಗೆ ಬಂದವರ ಮಾತು ಪೂರ್ತಿ ಕೇಳಿ, ನಡಾವಳಿಯಲ್ಲಿ ಬರೆದು, ಅವರಿಂದ ಸಹಿ ಹಾಕಿಸಿ. ದೂರು ಕೊಟ್ಟವರೇ ಕಮಿಟಿ ಸದಸ್ಯರಾಗಿದ್ದರೆ ಆ ದಿನ ಅವರು ಕಮಿಟಿಯ ಕುರ್ಚಿಯಲ್ಲಿ ಕೂರಬಾರದು. ಅಧ್ಯಕ್ಷರ ಮೇಲೆಯೇ ದೂರಿದ್ದರೆ ಮೊದಲು ಅದನ್ನೇ ತೆಗೆದುಕೊಳ್ಳಿ. ಕಾರ್ಯದರ್ಶಿಯ ಬಾಲ್ಕನಿಗೇ ಗಾಜು ಕೂತಿರುವಾಗ ಬೇರೆಯವರ ಬಾಲ್ಕನಿಗೆ ನೋಟಿಸು ಕೊಟ್ಟರೆ, ಕೋರ್ಟಿನಲ್ಲಿ ನಿಮ್ಮ ವಕೀಲರಿಗೆ ಹೇಳಲು ಮಾತಿರುವುದಿಲ್ಲ.

ಆದೇಶ ಒಂದು ಪುಟ ಮೀರದಿರಲಿ. ಅದರಲ್ಲಿ ಕಾರಣ ಇರಲೇಬೇಕು.

ಏನು ಮಾಡಬಾರದು? ನೀರು ಕಡಿಯಬಾರದು. ಗೇಟಿನಲ್ಲಿ ತಡೆಯಬಾರದು. ಲಿಫ್ಟ್ ಕಾರ್ಡ್ ಬಂದ್ ಮಾಡಬಾರದು. ಬೆಸ್ಕಾಂ ಕರೆಂಟು ನಿಮ್ಮ ಕೈಯಲ್ಲಿಲ್ಲ, ಇದ್ದರೂ ಮುಟ್ಟಬಾರದು. ಬಾಕಿ ಎರಡು ಲಕ್ಷವಿರಲಿ, ಇಪ್ಪತ್ತು ಲಕ್ಷವಿರಲಿ, ನೀರು ನಿಂತ ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರಿದ್ದರೆ ಮರುದಿನ ಠಾಣೆಯಲ್ಲಿ ಉತ್ತರ ಕೊಡಬೇಕಾದವರು ನೀವು. ಈಜುಕೊಳ, ಪಾರ್ಟಿ ಹಾಲ್, ಜಿಮ್‌ನಂಥ ಹೆಚ್ಚುವರಿ ಸೌಲಭ್ಯ ನಿಲ್ಲಿಸಬಹುದು, ಅದೂ ಬೈಲಾದಲ್ಲಿ ಬರೆದಿದ್ದರೆ.

ಹೆಜ್ಜೆ 5: ಇಬ್ಬರನ್ನು ಎದುರು ಕೂರಿಸುವುದು

ನೆರೆಹೊರೆಯ ಜಗಳಕ್ಕೆ ಆದೇಶಕ್ಕಿಂತ ರಾಜಿಯೇ ಬಾಳಿಕೆ ಬರುತ್ತದೆ. ಜಾಗ ಯಾರ ಮನೆಯೂ ಆಗಿರಬಾರದು. ಹೆಚ್ಚೆಂದರೆ ಎರಡೂ ಕಡೆಯಿಂದ ಇಬ್ಬಿಬ್ಬರು. ಫೋನು ಮೇಜಿನ ಮೇಲೆ. ಮೊದಲು ಪ್ರತಿಯೊಬ್ಬರ ಜೊತೆ ಬೇರೆ ಬೇರೆಯಾಗಿ ಹತ್ತು ನಿಮಿಷ ಮಾತಾಡಿ, ಆಮೇಲೆ ಒಟ್ಟಿಗೆ ಕೂರಿಸಿ. "ನಿಮಗೆ ಏನಾಗಬೇಕು?" ಎಂದು ಕೇಳಿದರೆ ಜನ ಹಳೆಯ ಕಥೆ ಹೇಳುತ್ತಾರೆ. "ಮುಂದಿನ ಶನಿವಾರ ರಾತ್ರಿ ಏನು ಬದಲಾದರೆ ನಿಮಗೆ ನೆಮ್ಮದಿ?" ಎಂದು ಕೇಳಿ ನೋಡಿ. ಮಕ್ಕಳು ರಾತ್ರಿ ಒಂಬತ್ತರ ಮೇಲೆ ಸೈಕಲ್ ಹೊಡೆಯಬಾರದು, ಕುರ್ಚಿ ಕಾಲಿಗೆ ರಬ್ಬರ್ ಬೂಚು ಹಾಕಬೇಕು, ಮಿಕ್ಸಿ ಬೆಳಿಗ್ಗೆ ಆರರ ಮುಂಚೆ ಬೇಡ, ಇಂಥ ಸಣ್ಣ ಉತ್ತರ ಸಿಗುತ್ತವೆ. ಬರೆದು ಇಬ್ಬರಿಂದಲೂ ಸಹಿ ಹಾಕಿಸಿ, ತಿಂಗಳ ನಂತರ ವಿಚಾರಿಸುವ ದಿನವನ್ನೂ ಅದರಲ್ಲೇ ಬರೆಯಿರಿ.

ಸದ್ದಿನ ವಿಷಯದಲ್ಲಿ ಕಾನೂನಿನ ಬಲ ಬೇಕಾದರೆ ಶಬ್ದ ಮಾಲಿನ್ಯ ನಿಯಮಗಳು 2000 ಇವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಟೆರೇಸಿನ ಡಿಜೆ ಪಾರ್ಟಿಗೆ ಇದು ಸಾಕು. ಮೇಲಿನ ಮನೆಯ ಮಗುವಿನ ಓಡಾಟಕ್ಕೆ ಡೆಸಿಬಲ್ ಮೀಟರು ತರುವವರೂ ಇದ್ದಾರೆ, ಅದರಿಂದ ಯಾರಿಗೂ ಪ್ರಯೋಜನವಾದದ್ದನ್ನು ನಾನು ಕಂಡಿಲ್ಲ.

ಬಾತ್‌ರೂಮ್ ಸೋರಿಕೆ

ನಾಲ್ಕು ಗೋಡೆಯ ನಡುವೆ ಇಷ್ಟು ಕಹಿ ಹುಟ್ಟಿಸುವ ಜಗಳ ಇನ್ನೊಂದಿಲ್ಲ. ಕೆಳಗಿನವರ ಸೀಲಿಂಗಿನಲ್ಲಿ ಹಳದಿ ಕಲೆ, ಪೇಂಟು ಉದುರುವುದು. ಮೇಲಿನವರನ್ನು ಕೇಳಿದರೆ, "ನಮ್ಮ ಬಾತ್‌ರೂಮ್ ಡ್ರೈ ಆಗೇ ಇದೆ ಸಾರ್, ಬೇಕಾದ್ರೆ ಬಂದು ನೋಡಿ." ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನೀರು ಇಳಿಯುವುದು ಟೈಲ್ಸಿನ ಕೆಳಗೆ, ತಗ್ಗಿಸಿ ಕಟ್ಟಿದ ಸ್ಲ್ಯಾಬಿನ ತುಂಬುಮಣ್ಣಿನೊಳಗೆ. ಮೇಲೆ ಒಣಗಿಯೇ ಕಾಣುತ್ತದೆ.

ಹಾಗಾಗಿ ವಾದ ಬೇಡ, ಪರೀಕ್ಷೆ ಮಾಡಿಸಿ. ಮೊದಲು ಮೇಲಿನ ಬಾತ್‌ರೂಮನ್ನು ಒಂದೆರಡು ದಿನ ಬಳಸದೆ ಬಿಟ್ಟು ನೋಡಿ, ಆಮೇಲೆ ಅದರ ನೀರಿನ ವಾಲ್ವ್ ಮುಚ್ಚಿ ನೋಡಿ. ಬಳಸದಿದ್ದಾಗಲೂ ತೊಟ್ಟಿಕ್ಕುತ್ತಿದ್ದದ್ದು ವಾಲ್ವ್ ಮುಚ್ಚಿದ ಮೇಲೆ ನಿಂತರೆ, ಸದಾ ಒತ್ತಡದಲ್ಲಿರುವ ನೀರಿನ ಪೈಪಿನ ಮೇಲೆ ಅನುಮಾನ. ಪ್ಲಂಬರ್ ಕರೆಸಿ ಪ್ರೆಶರ್ ಟೆಸ್ಟ್ ಮಾಡಿಸಿ. ಸ್ನಾನ ಮಾಡಿದಾಗ ಮಾತ್ರ ಸೋರಿದರೆ ನೆಲದ ವಾಟರ್‌ಪ್ರೂಫಿಂಗ್ ಅಥವಾ ಡ್ರೈನ್ ಜಾಯಿಂಟ್. ಅದಕ್ಕೆ ಡ್ರೈನಿನ ಬಾಯಿ ಬಿಗಿಯಾಗಿ ಮುಚ್ಚಿ, ಎರಡಿಂಚು ನೀರು ನಿಲ್ಲಿಸಿ, ಅದಕ್ಕೆ ಬಣ್ಣ ಬೆರೆಸಿ, 24ರಿಂದ 48 ಗಂಟೆ ಬಿಡಬೇಕು. ನೀರು ಹಾಕಿದಾಗ ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಮಟ್ಟ ಗುರುತು ಮಾಡಿ ಫೋಟೊ ತೆಗೆಯಿರಿ. ಕೆಳಗಿನ ಕಲೆಯ ಸುತ್ತಲೂ ಹಾಗೇ ಒಂದು ಗೆರೆ ಎಳೆದು ತಾರೀಖು ಬರೆಯಿರಿ. ಮಟ್ಟ ಇಳಿದು ಕಲೆ ಗೆರೆ ದಾಟಿದರೆ ಮಾತು ಮುಗಿಯಿತು. ಎರಡೂ ಮನೆಯವರು ಪರೀಕ್ಷೆಯ ಹೊತ್ತಿಗೆ ಅಲ್ಲೇ ಇರಬೇಕು. ಪ್ಲಂಬರ್ ಸಂಘದಿಂದ ಬಂದವನಾಗಿರಲಿ, ಯಾರೊಬ್ಬರ ಕಡೆಯವನೂ ಬೇಡ. ಎರಡೂ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ, ಎಲ್ಲ ಮಹಡಿಯ ಪೈಪುಗಳು ಇಳಿಯುವ ಡಕ್ಟಿನೊಳಗಿನ ಪೈಪು ನೋಡಿ.

ಖರ್ಚು ಯಾರದು? ಡಕ್ಟಿನಲ್ಲಿರುವ ಸಾಮಾನ್ಯ ಪೈಪು ಸೋರಿದರೆ ಸಂಘದ್ದು. ಮೇಲಿನ ಮನೆಯ ಒಳಗಿನ ಜಾಯಿಂಟು, ಗ್ರೌಟು, ವಾಟರ್‌ಪ್ರೂಫಿಂಗ್ ಆದರೆ ಮೇಲಿನ ಮಾಲೀಕರದು, ಕೆಳಗಿನವರ ಪೇಂಟು ಸಹಿತ. ಸ್ವಾಧೀನ ಪಡೆದು ಐದು ವರ್ಷ ಆಗಿಲ್ಲದಿದ್ದರೆ ರೇರಾ ಎಂದು ಕರೆಯುವ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ 2016ರ ಕಲಂ 14(3)ರಂತೆ ಬಿಲ್ಡರ್ ತನ್ನ ಖರ್ಚಿನಲ್ಲಿ 30 ದಿನದೊಳಗೆ ಸರಿಪಡಿಸಿಕೊಡಬೇಕು. ರಚನೆಯ ದೋಷಕ್ಕೆ ಮಾತ್ರವಲ್ಲ, ಕೆಲಸಗಾರಿಕೆಯ, ಗುಣಮಟ್ಟದ ದೋಷಕ್ಕೂ ಅದು ಅನ್ವಯಿಸುತ್ತದೆ. ಸೋರಿಕೆ ಕಂಡ ದಿನವೇ ಬಿಲ್ಡರಿಗೆ ಲಿಖಿತವಾಗಿ ತಿಳಿಸಿ. ಮೇಲಿನ ಮಾಲೀಕರು ಒಳಗೆ ಬಿಡುವುದೇ ಇಲ್ಲ ಎಂದು ಹಟ ಹಿಡಿದರೆ, ದುರಸ್ತಿಗಾಗಿ ಪ್ರವೇಶ ಕೊಡಬೇಕೆಂಬ ಬೈಲಾ ಕಲಮನ್ನು ತೋರಿಸಿ ನೋಟಿಸು. ಅದಕ್ಕೂ ಬಗ್ಗದಿದ್ದರೆ 1972ರ ಕಾಯ್ದೆಯ ಕಲಂ 7ರಡಿ ಸಿವಿಲ್ ಕೋರ್ಟಿನಲ್ಲಿ ಕಡ್ಡಾಯ ಆದೇಶ ಕೇಳಬೇಕು.

ಮೇಂಟೆನೆನ್ಸ್ ಬಾಕಿ

"ನಾನು ಈಜುಕೊಳಕ್ಕೆ ಇಳಿಯೋದೇ ಇಲ್ಲ, ದುಬೈನಲ್ಲಿದ್ದೀನಿ, ನಾನ್ಯಾಕೆ ಕಟ್ಟಲಿ?" 1972ರ ಕಾಯ್ದೆ ಇದಕ್ಕೆ ನೇರವಾಗಿ ಉತ್ತರಿಸಿದೆ. ಸಾಮಾನ್ಯ ಸೌಲಭ್ಯ ಬಳಸುವುದಿಲ್ಲ ಎಂದಾಗಲಿ, ಮನೆ ಖಾಲಿ ಬಿಟ್ಟಿದ್ದೇನೆ ಎಂದಾಗಲಿ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳುವಂತಿಲ್ಲ. ಚದರಡಿ ಲೆಕ್ಕವೋ, ಮನೆಗೆ ಇಷ್ಟೆಂದು ಸಮನಾಗಿಯೋ ಎಂಬ ನಿರಂತರ ಜಗಳಕ್ಕೂ ಅಲ್ಲೇ ಉತ್ತರವಿದೆ: ಡೀಡ್ ಆಫ್ ಡಿಕ್ಲರೇಷನ್ನಿನಲ್ಲಿರುವ ಅವಿಭಜಿತ ಪಾಲಿನ ಶೇಕಡಾ ಲೆಕ್ಕದಲ್ಲಿ ಖರ್ಚು ಹಂಚಬೇಕು. ದೊಡ್ಡ ಫ್ಲ್ಯಾಟಿನವರಿಗೆ ಇದು ರುಚಿಸುವುದಿಲ್ಲ. ಎರಡು ಬೆಡ್‌ರೂಮಿನವನೂ ನಾಲ್ಕು ಬೆಡ್‌ರೂಮಿನವನೂ ಕಸಕ್ಕೆ, ಸೆಕ್ಯುರಿಟಿಗೆ ಒಂದೇ ಖರ್ಚು ತರುತ್ತಾರೆ ಎಂಬ ಅವರ ವಾದದಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಕಾಯ್ದೆ ಇರುವುದು ಹಾಗೆ.

ಕಲಂ 19 ಇನ್ನೊಂದು ಹಿಡಿ ಕೊಟ್ಟಿದೆ. ಬಾಕಿ ಮೊತ್ತ ಆ ಫ್ಲ್ಯಾಟಿನ ಮೇಲಿನ ಹೊರೆ. ತೆರಿಗೆ ಹಾಗೂ ಮೊದಲ ಅಡಮಾನದ ಸಾಲ ಬಿಟ್ಟರೆ ಉಳಿದವಕ್ಕಿಂತ ಇದಕ್ಕೇ ಆದ್ಯತೆ. ಮಾರಾಟವಾದರೆ ಹಳೆಯ ಬಾಕಿಗೆ ಕೊಂಡವನೂ ಮಾರಿದವನೂ ಇಬ್ಬರೂ ಹೊಣೆ. ಆದರೆ ಕೊಳ್ಳುವವನು ಬಾಕಿಯ ಲೆಕ್ಕಪತ್ರ ಕೇಳಿದಾಗ ನೀವು ಕೊಟ್ಟ ಅಂಕಿಗಿಂತ ಹೆಚ್ಚಿಗೆ ಅವನಿಂದ ಕೇಳುವಂತಿಲ್ಲ. ಅದಕ್ಕೇ ಎನ್‌ಒಸಿ ಕೊಡುವ ದಿನ ಅಕೌಂಟೆಂಟ್ ಕೈಯಲ್ಲಿ ಬಡ್ಡಿ, ನೀರಿನ ಬಿಲ್ಲು, ವಿಶೇಷ ಚಂದಾ ಎಲ್ಲವನ್ನೂ ಕೂಡಿಸಿ ನೋಡಿ. ಕೊನೆಯ ಗಳಿಗೆಯಲ್ಲಿ "ಇನ್ನೊಂದು ಹದಿನೆಂಟು ಸಾವಿರ ಬಿಟ್ಟುಹೋಗಿತ್ತು" ಎಂದರೆ ನಷ್ಟ ಸಂಘಕ್ಕೇ.

ವಸೂಲಿಯ ಕ್ರಮ ಹೀಗಿರಲಿ. ಗಡುವು ಮುಗಿದ ವಾರದಲ್ಲಿ ನೆನಪೋಲೆ, ಎರಡನೇ ತಿಂಗಳು ಬಡ್ಡಿ ಲೆಕ್ಕದ ಸಹಿತ ಪತ್ರ, ಮೂರನೇ ತಿಂಗಳು ಮಾತುಕತೆಗೆ ಕರೆ. ನಿಜಕ್ಕೂ ಕೆಲಸ ಹೋದವರು, ಮನೆಯಲ್ಲಿ ಕಾಯಿಲೆ ಇರುವವರು ಇರುತ್ತಾರೆ, ಅವರಿಗೆ ಕಂತು ಮಾಡಿಕೊಡಿ. ಕಂತಿನ ಪತ್ರದಲ್ಲಿ "ಇಷ್ಟು ಬಾಕಿ ಇರುವುದು ನಿಜ" ಎಂಬ ಸಾಲಿಗೆ ಸಹಿ ಹಾಕಿಸುವುದು ಮರೆಯಬೇಡಿ. ಹಣ ವಸೂಲಿ ದಾವೆಗೆ ಕಾಲಮಿತಿ ಮೂರು ವರ್ಷ. ಆ ಅವಧಿ ಮುಗಿಯುವುದರೊಳಗೆ ಬಾಕಿ ಒಪ್ಪಿ ಸಹಿ ಹಾಕಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಕಂತಿಗೆ ಮುಂಗಡ ಚೆಕ್ ತೆಗೆದುಕೊಂಡಿದ್ದರೆ, ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು ಹೋಗಬೇಕು, ಹಣ ಕಟ್ಟಲು 15 ದಿನ ಕೊಡಬೇಕು, ಆಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ ದೂರು.

ಪಾರ್ಕಿಂಗ್ ಮತ್ತು ಬೀದಿ ನಾಯಿ

ತೆರೆದ ಪಾರ್ಕಿಂಗ್ ಜಾಗ ಸಾಮಾನ್ಯ ಪ್ರದೇಶ ಎಂದು ರೇರಾ ಕಾಯ್ದೆಯೇ ಹೇಳುತ್ತದೆ. ಕಂಬಗಳ ನಡುವಿನ ಸ್ಟಿಲ್ಟ್ ಜಾಗವನ್ನು ಗ್ಯಾರೇಜ್ ಎಂದು ಬಿಲ್ಡರ್ ಬೇರೆಯಾಗಿ ಮಾರುವಂತಿಲ್ಲ ಎಂದು ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಹಾಗೆಂದು ಹತ್ತು ವರ್ಷದಿಂದ ಒಬ್ಬರು ನಿಲ್ಲಿಸುತ್ತಿರುವ ಜಾಗವನ್ನು ಕಮಿಟಿ ಒಂದು ಭಾನುವಾರ ಕಿತ್ತುಕೊಳ್ಳಬಾರದು. ಸೇಲ್ ಡೀಡಿನಲ್ಲಿ ಜಾಗದ ನಂಬರ್ ಇದೆಯೇ, ಡೀಡ್ ಆಫ್ ಡಿಕ್ಲರೇಷನ್ನಿನಲ್ಲಿ ಅದು ಸೀಮಿತ ಸಾಮಾನ್ಯ ಜಾಗವೇ, ಎರಡನ್ನೂ ಪಕ್ಕ ಪಕ್ಕ ಇಟ್ಟು ಒಂದು ನಕ್ಷೆ ಮಾಡಿ. ಜನರಲ್ ಬಾಡಿಯಲ್ಲಿ ಒಪ್ಪಿಗೆ ಪಡೆದು ಬಣ್ಣದಲ್ಲಿ ನಂಬರ್ ಬರೆಸಿ. ಚಕ್ರದ ಗಾಳಿ ಬಿಡುವುದು, ಪೊಲೀಸರಿಗೆ ಹೇಳದೆ ಬೀಗ ಜಡಿಯುವುದು ಬೇಡ.

ಆವರಣದ ಬೀದಿ ನಾಯಿಗಳಿಗೆ ಊಟ ಹಾಕುವವರ ಜಗಳಕ್ಕೆ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು 2023ರ ನಿಯಮ 20 ನೋಡಿ. ಊಟದ ಜಾಗವನ್ನು ಸಂಘವೇ ಗೊತ್ತುಮಾಡಬೇಕು. ಮಕ್ಕಳ ಆಟದ ಜಾಗ, ಮೆಟ್ಟಿಲು, ಪ್ರವೇಶದ್ವಾರಗಳಿಂದ ದೂರವಿರಬೇಕು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಬೀದಿಯಲ್ಲಿ ಕಂಡಕಂಡಲ್ಲಿ ಊಟ ಹಾಕುವಂತಿಲ್ಲ, ಗೊತ್ತುಪಡಿಸಿದ ಜಾಗದಲ್ಲೇ ಹಾಕಬೇಕು ಎಂದಿದೆ. ಎರಡೂ ಬಣದವರನ್ನು ಜೊತೆಗೆ ಕರೆದುಕೊಂಡು ಆವರಣ ಸುತ್ತಿ ಜಾಗ ತೋರಿಸಿದರೆ, ಮೀಟಿಂಗ್ ಹಾಲಿನಲ್ಲಿ ಕೂಗಾಡುವುದಕ್ಕಿಂತ ಬೇಗ ಮುಗಿಯುತ್ತದೆ.

ಹೆಜ್ಜೆ 6: ಹೊರಗೆ ಹೋಗಬೇಕಾಗಿ ಬಂದರೆ

1972ರ ಕಾಯ್ದೆಯಡಿ ಇಂಥ ಜಗಳ ಕೇಳುವುದಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿ ಇಲ್ಲ. ಸಹಕಾರ ಸಂಘವಾಗಿದ್ದರೆ ಕಲಂ 70ರಡಿ ವಿವಾದ ಸಹಕಾರ ಸಂಘಗಳ ರಿಜಿಸ್ಟ್ರಾರ್ ಮುಂದೆ ಹೋಗುತ್ತದೆ. 1960ರ ಸೊಸೈಟಿಯಲ್ಲಿ ಕಮಿಟಿಯ ಮೇಲೆಯೇ ಅನುಮಾನವಿದ್ದರೆ ಮೂರನೇ ಒಂದು ಭಾಗ ಸದಸ್ಯರು ಸೇರಿ ಕಲಂ 25ರಡಿ ವಿಚಾರಣೆ ಕೇಳಬಹುದು. ಬಿಲ್ಡರ್ ವಿರುದ್ಧವಾದರೆ ಕರ್ನಾಟಕ ರೇರಾ. ಉಳಿದದ್ದಕ್ಕೆಲ್ಲ ಸಿವಿಲ್ ಕೋರ್ಟ್.

ಕೋರ್ಟಿಗೆ ಮುಂಚೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಪೂರ್ವ ಅರ್ಜಿ ಹಾಕುವ ದಾರಿಯನ್ನು ಹೆಚ್ಚಿನ ಸಂಘಗಳು ಮರೆತೇಬಿಡುತ್ತವೆ. ಆ ಅರ್ಜಿ ಲೋಕ ಅದಾಲತ್‌ಗೆ ಹೋಗಿ ಅಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿಯೂ ಇಲ್ಲ, ಕೋರ್ಟ್ ಶುಲ್ಕವೂ ಇಲ್ಲ. ಬಾಕಿ ವಸೂಲಿಗೆ ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ದಾವೆ ಈಗಾಗಲೇ ಕೋರ್ಟಿನಲ್ಲಿದ್ದರೆ, ನ್ಯಾಯಾಧೀಶರು ಅದನ್ನು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬಹುದು. 2007ರಲ್ಲಿ ಹೈಕೋರ್ಟ್ ಶುರುಮಾಡಿದ ಈ ಕೇಂದ್ರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ. "ಅಲ್ಲಿ ಹೋದರೆ ನಾವು ಸೋತಂತೆ" ಎಂದು ಅಧ್ಯಕ್ಷರು ಮುನಿಸಿಕೊಂಡರೆ ವಕೀಲರ ಶುಲ್ಕದ ಅಂದಾಜನ್ನು ಅವರ ಮುಂದಿಡಿ.

ಯಾವ ದಾರಿಗೆ ಹೋದರೂ ಕೇಳುವ ಕಾಗದಗಳು ಒಂದೇ: ನೋಂದಣಿ ಪತ್ರ, ಡೀಡ್ ಆಫ್ ಡಿಕ್ಲರೇಷನ್, ಬೈಲಾ, ಜನರಲ್ ಬಾಡಿ ನಡಾವಳಿ, ದಾವೆ ಹೂಡಲು ಕಾರ್ಯದರ್ಶಿಗೆ ಅಧಿಕಾರ ಕೊಟ್ಟ ನಿರ್ಣಯ, ಆ ಫ್ಲ್ಯಾಟಿನ ಲೆಡ್ಜರ್, ನೋಟಿಸು ತಲುಪಿದ ರಸೀದಿ. ಇವೆಲ್ಲ ಹಿಂದಿನ ಕಾರ್ಯದರ್ಶಿಯ ಖಾಸಗಿ ಇಮೇಲ್‌ನಲ್ಲಿದ್ದು, ಅವರು ಫ್ಲ್ಯಾಟ್ ಮಾರಿ ಊರು ಬಿಟ್ಟಿದ್ದರೆ ಪ್ರಕರಣ ಅಲ್ಲಿಗೇ ನಿಲ್ಲುತ್ತದೆ. ಸಂಘದ ಹೆಸರಿನಲ್ಲೇ ಒಂದು ಇಮೇಲ್ ಖಾತೆ ತೆರೆಯಿರಿ, ಅದರ ಪಾಸ್‌ವರ್ಡ್ ಇಬ್ಬರ ಬಳಿ ಇರಲಿ. ಕಮಿಟಿ ಬದಲಾಗುವ ದಿನ ತಿಜೋರಿ ಕೀಲಿ, ಚೆಕ್‌ಬುಕ್ ಜೊತೆಗೆ, ನಡೆಯುತ್ತಿರುವ ಪ್ರತಿ ವಿವಾದದ ಫೈಲನ್ನೂ, ಯಾವ ಬಾಕಿಗೆ ಮೂರು ವರ್ಷದ ಗಡುವು ಯಾವತ್ತು ಮುಗಿಯುತ್ತದೆ ಎಂಬ ಪಟ್ಟಿಯನ್ನೂ ಹೊಸಬರ ಕೈಗೆ ಕೊಟ್ಟು ಸಹಿ ಪಡೆಯಿರಿ.